ಜಲಜಕ್ಕನ ಸಮ್‌ಬಡಿ

ಮಧ್ಯಾಹ್ನ ಊಟವಾದ ಮೇಲೆ ಬರುತ್ತದಲ್ಲ, ಆ ಜೊಂಪಿಗೆ ನಾನು ಎಂದೂ ಎದುರಾಡಿದವಳಲ್ಲ. ಅದು ಬಂದಾಗ ಎಲ್ಲಿದ್ದೇನೋ ಅಲ್ಲೇ ಒರಗುತ್ತೇನೆ. ಮೊನ್ನೆಯೂ ಹಾಗೇ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಣ್ಣು ಎಳೆಯುತ್ತಿದ್ದಾಗ ಅಡಿಗೆಮನೆಯಿಂದ ಮಗಳ ಕೂಗು ಕೇಳಿತು. "ಅಮ್ಮಾ, ಸಮ್‌ಬಡಿ ಹ್ಯಾಸ್ ಫಿನಿಶ್ಡ್ ಆಫ್ ದಿ ಚಕ್ಕುಲಿ!" ಮನೆಯಲ್ಲಿದ್ದವರು ನಾವಿಬ್ಬರೇ. ಡಬ್ಬ ಖಾಲಿ ಮಾಡಿದವಳು ತಾನಲ್ಲ ಎಂದ ಮೇಲೆ ಇನ್ನಾರು ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಆ ಸಮ್‌ಬಡಿ ಎಂಬ ಮಹಾನುಭಾವ ನಮ್ಮಿಬ್ಬರ ನಡುವೆ ಬಂದು ನಿಂತು ನನ್ನ ಮಾನ ಉಳಿಸಿದ. ನಾನು ಕಣ್ಣು ಮುಚ್ಚಿಕೊಂಡೇ, "ಹೌದಾ? ಯಾರಿರಬಹುದು?" ಎಂದೆ.

ಆ ಒಂದು ಪದ ಕಿವಿಗೆ ಬಿದ್ದರೆ ಸಾಕು, ನಾನು ಕುಳಿತಲ್ಲಿಂದಲೇ ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ಹೋಗಿಬಿಡುತ್ತೇನೆ. ಎರಡು ಸಾವಿರದ ಇಸವಿ ಕಳೆದ ಹೊಸತು. ನನ್ನ ಊರು ನರಸಿಂಹರಾಜಪುರ, ಬಸ್ಸಿನವರ ಬಾಯಲ್ಲಿ ಎನ್ನಾರ್‌ಪುರ. ಬಿ.ಎ. ಮುಗಿಸಿ, ಮುಂದೇನು ಎಂದು ಯಾರೂ ಕೇಳದಿರಲಿ ಎಂದು ಕೊಪ್ಪದ ಚಿಕ್ಕಮ್ಮನ ಮನೆಗೆ ಬಂದು ಕುಳಿತಿದ್ದೆ. ನಾನು ಬಂದ ವಾರವೇ ಚಿಕ್ಕಮ್ಮ ಕೇಳಿದರು. ಅದರ ಫಲವಾಗಿ ನಾನು ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನಡೆಯುತ್ತಿದ್ದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಬಿ.ಎ.ಯಲ್ಲಿ ನಾನು ಕಲಿತದ್ದೂ ಇಂಗ್ಲಿಷೇ, ಆದರೆ ಆ ಇಂಗ್ಲಿಷಿನಲ್ಲಿ ಒಂದು ಲೋಟ ನೀರು ಕೇಳಲು ಬರುತ್ತಿರಲಿಲ್ಲ.

ಕ್ಲಾಸಿನ ಮಾಸ್ತರು ಬಸರೀಕಟ್ಟೆ ಕಡೆಯ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದು ನಿವೃತ್ತರಾದವರು. ಎಸ್ಟೇಟಿನ ರೈಟರ್ ಎಂದರೆ ಗೊತ್ತಲ್ಲ, ಆಳುಗಳ ಲೆಕ್ಕ ಬರೆಯುತ್ತ ಮ್ಯಾನೇಜರಿಗೂ ಮೇಸ್ತ್ರಿಗೂ ನಡುವೆ ಓಡಾಡುವವರು. ಅವರ ಇಂಗ್ಲಿಷೆಲ್ಲ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು ಕಲಿತದ್ದು. ಮೊದಲ ದಿನವೇ ಅವರು ನಶ್ಯ ಏರಿಸಿ ಇಂಗ್ಲಿಷಿನ ಗುಟ್ಟು ಬಿಟ್ಟುಕೊಟ್ಟರು.

"ನೋಡಿ, ಇಂಗ್ಲಿಷ್ ಅಂದ್ರೆ ಮಹಾ ಎಂತದೂ ಅಲ್ಲ. ಮುಂದೆ ಒಬ್ಬ ಯಾರೋ ಇರ್ಬೇಕು, ಹಿಂದೆ ಒಂದು ಬಾಲ ಇರ್ಬೇಕು. ಸಮ್‌ಬಡಿ ಟರ್ನ್ಡ್ ಅಪ್. ನೋಬಡಿ ಶೋಡ್ ಅಪ್. ಸಮ್‌ಥಿಂಗ್ ಕೇಮ್ ಅಪ್. ಎವ್ರಿಥಿಂಗ್ ಈಸ್ ಯೂಸ್ಡ್ ಅಪ್. ಇಷ್ಟು ಬಂದ್ರೆ ಒಂದು ಎಸ್ಟೇಟ್ ನಡೆಸ್ಬಹುದು. ನಾವು ನಡೆಸಿಲ್ವಾ?"

ಯಾರೋ ಬಂದರು, ಯಾರೂ ಬರಲಿಲ್ಲ, ಏನೋ ಅಡ್ಡ ಬಂತು, ಎಲ್ಲ ಮುಗಿದುಹೋಯಿತು. ಯೋಚಿಸಿದರೆ ಎಸ್ಟೇಟೇನು, ಒಂದು ಸಂಸಾರವೂ ಇಷ್ಟರಲ್ಲೇ ನಡೆದುಹೋಗುತ್ತದೆ. ಹಾಗೆ ನೋಡಿದರೆ ನಮ್ಮ ಮಾತಿಗೂ ಬಾಲ ಇಲ್ಲವೇ? ಬರೀ ತಿಂದ ಎಂದರೆ ನಮಗೆ ಸಮಾಧಾನವಿಲ್ಲ, ತಿಂದುಹಾಕಿದ ಎನ್ನಬೇಕು. ಬಿಟ್ಟ ಎಂದರೆ ಸಾಲದು, ಬಿಟ್ಟುಬಿಟ್ಟ ಎನ್ನಬೇಕು. ಯಾರು ತಿಂದುಹಾಕಿದ್ದು ಎಂದರೆ ಮಾತ್ರ ನಾವೂ ಯಾರೋ ಎಂದೇ ಜಾರಿಕೊಳ್ಳುತ್ತೇವೆ. ಇಂಗ್ಲಿಷಿನವರಿಗೂ ನಮಗೂ ಇಷ್ಟೊಂದು ನೆಂಟಸ್ತಿಕೆ ಇರುವುದು ಗೊತ್ತಿದ್ದರೆ ನಾನು ಬಿ.ಎ.ಯಲ್ಲಿ ಅಷ್ಟು ಹೆದರುತ್ತಿರಲಿಲ್ಲ.

ಟರ್ನ್ಡ್ ಅಪ್ ಎಂದಾಗಲೆಲ್ಲ ನನ್ನ ಕಣ್ಣಿಗೆ ಬರುತ್ತಿದ್ದದ್ದು ಅಣೆಕಟ್ಟು ಕಟ್ಟಿದಾಗ ಹಳ್ಳಿಗಳನ್ನು ಮುಳುಗಿಸಿದ ನಮ್ಮೂರಿನ ಭದ್ರಾ ಹಿನ್ನೀರು. ಬೇಸಗೆಯಲ್ಲಿ ನೀರು ಇಳಿಯುತ್ತ ಹೋದಂತೆ ಕೆಸರಿನಿಂದ ಒಂದು ಬಾವಿಕಟ್ಟೆ, ಒಂದು ನಾಲ್ಕು ಮೆಟ್ಟಿಲು, ಯಾವ ಮನೆಗೂ ಹೋಗದ ಒಂದು ದಾರಿ ಮೆಲ್ಲಗೆ ಮೇಲೆ ಬರುತ್ತಿದ್ದವು. ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಅದನ್ನು ನೋಡಲು ಹೋಗುತ್ತಿದ್ದರು. "ಅದು ಯಾರ ಮನೆ ಅಪ್ಪ?" ಎಂದರೆ, "ಯಾರದೋ," ಎನ್ನುತ್ತಿದ್ದರು. ಬಿಸಿಲಿಗೆ ನೀರು ಮಿಂಚುತ್ತಿತ್ತು, ಬೆಳ್ಳಕ್ಕಿ ಆ ಮೆಟ್ಟಿಲಿನ ಮೇಲೆ ಯಜಮಾನನ ಗತ್ತಿನಲ್ಲಿ ನಿಂತಿರುತ್ತಿತ್ತು. ಅಪ್ಪ ಬಹಳ ಹೊತ್ತು ನೋಡಿ, ಸೈಕಲ್ ತಿರುಗಿಸುತ್ತಿದ್ದರು. ಗೊತ್ತಿಲ್ಲದವರನ್ನು ಯಾರೋ ಎನ್ನುವುದು ಸುಲಭ. ಚೆನ್ನಾಗಿ ಗೊತ್ತಿರುವವರನ್ನು ಯಾರೋ ಎನ್ನಲು ಬೇರೆಯೇ ಕಾರಣ ಬೇಕು ಎಂದು ನನಗೆ ತಿಳಿದದ್ದು ಜಲಜಕ್ಕನ ಸಹವಾಸವಾದ ಮೇಲೆ.

ಜಲಜಕ್ಕ ಆ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದರು. ನಲವತ್ತರ ಹೆಂಗಸು, ಪಿಯುಸಿ ಆದ ಮೇಲೆ ಮದುವೆ, ಮಕ್ಕಳಿಲ್ಲ. ಅವರ ಯಜಮಾನರದು ಬಸ್‌ಸ್ಟ್ಯಾಂಡಿನ ಎದುರಿಗೇ ಅಂಗಡಿ, ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಮೆಷಿನ್ನು, ಅವುಗಳ ಬಿಡಿಭಾಗ. ಮಾತು ಕಡಿಮೆ ಮನುಷ್ಯ. ಮಾಸ್ತರು ಸಮ್‌ಬಡಿ ಹಾಕಿ ವಾಕ್ಯ ಮಾಡಿ ಎಂದರೆ ನಾವೆಲ್ಲ ಸೂರು ನೋಡುತ್ತಿದ್ದೆವು, ಜಲಜಕ್ಕ ಮಾತ್ರ ಸರಾಗವಾಗಿ ಶುರುಮಾಡುತ್ತಿದ್ದರು. ಸಮ್‌ಬಡಿ ಗಾಟ್ ಅಪ್ ಲೇಟ್. ಸಮ್‌ಬಡಿ ಪಿಕ್ಡ್ ಮಿ ಅಪ್ ಆನ್ ದಿ ಸ್ಕೂಟರ್. ಐ ಲೆಫ್ಟ್ ಔಟ್ ದಿ ಸಾಲ್ಟ್, ಸಮ್‌ಬಡಿ ಏಟ್ ಇಟ್ ಅಪ್ ವಿತೌಟ್ ಎ ವರ್ಡ್. ಉಪ್ಪು ಹಾಕಲು ಮರೆತ ಸಾರನ್ನು ಮಾತಾಡದೆ ಉಂಡೆದ್ದ ಆ ಸಮ್‌ಬಡಿ ಯಾರೆಂದು ಇಡೀ ಕ್ಲಾಸಿಗೆ ಗೊತ್ತಾಗಿ ನಗು ಏಳುತ್ತಿತ್ತು. ಜಲಜಕ್ಕ ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿಯುತ್ತಿದ್ದರು.

ಗಂಡನ ಹೆಸರು ಹೇಳಬಾರದು, ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ. ನಿಮ್ಮ ಮನೆಯಲ್ಲೂ ಅಜ್ಜಿಯೋ ಅತ್ತೆಯೋ ಹೀಗಿದ್ದಿರಬೇಕು. ಆದರೆ ಜಲಜಕ್ಕನ ಕಷ್ಟ ಎಲ್ಲರಿಗಿಂತ ದೊಡ್ಡದು, ಏಕೆಂದರೆ ಅವರ ಯಜಮಾನರ ಹೆಸರು ವಿನಾಯಕ. ನಮ್ಮ ಕಡೆ ಯಾವ ಬೀದಿಗೆ ಹೋದರೂ ಆ ಹೆಸರಿನ ಅಂಗಡಿ ಒಂದಿರುತ್ತದೆ. ಜಲಜಕ್ಕ ಅವಕ್ಕೆಲ್ಲ ಗಣಪತಿ ಎಂದು ಮರುನಾಮಕರಣ ಮಾಡಿದ್ದರು. ಹಣೆಯ ಮೇಲೆ ಆ ಹೆಸರು ಬರೆಸಿಕೊಂಡ ಬಸ್ಸೊಂದು ಶೃಂಗೇರಿಗೆ ಹೋಗುತ್ತಿತ್ತು. ಅದನ್ನು ಅವರು ಹಸಿರು ಬಸ್ಸು ಎನ್ನುತ್ತಿದ್ದರು. ಒಂದು ಸಲ ಮಾಲೀಕರು ಅದಕ್ಕೆ ಕೆಂಪು ಬಣ್ಣ ಹೊಡೆಸಿದರು. ಜಲಜಕ್ಕ ತಂಗಿ ಮನೆಯ ಸೀಮಂತಕ್ಕೆ ಹೊರಟವರು ಆ ಬಸ್ಸಿನ ಎದುರೇ ನಿಂತು, ಹಸಿರು ಬಸ್ಸು ಯಾಕೆ ಬರಲಿಲ್ಲ ಎಂದು ಕಂಡಕಂಡವರನ್ನು ಕೇಳಿ, ಮಧ್ಯಾಹ್ನ ಮನೆಗೆ ವಾಪಸು ಬಂದರು. ಇಂಥವರಿಗೆ ಮಾಸ್ತರು ಸಮ್‌ಬಡಿ ಎಂಬ ಪದ ಕಲಿಸಿಕೊಟ್ಟದ್ದು ದೊಡ್ಡ ಉಪಕಾರವೇ ಆಯಿತು. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು.

ಕ್ಲಾಸು ಮುಗಿಯುವ ಹೊತ್ತಿಗೆ ಅದೇ ಓಣಿಯಲ್ಲಿ ಹೊಸದಾಗಿ ಒಂದು ನರ್ಸರಿ ಶಾಲೆ ತೆರೆಯಿತು. ನಮ್ಮಿಬ್ಬರಿಗೂ ಅಲ್ಲಿ ಕೆಲಸ ಸಿಕ್ಕಿತು. ನನಗೆ ದೊಡ್ಡ ಮಕ್ಕಳು, ಜಲಜಕ್ಕನಿಗೆ ಆಗಷ್ಟೇ ಅಮ್ಮನ ಸೆರಗು ಬಿಟ್ಟು ಬಂದವರು. ಮುಖ್ಯಸ್ಥೆಯನ್ನು ಮಕ್ಕಳು ದೊಡ್ಡ ಮಿಸ್ ಎನ್ನುತ್ತಿದ್ದರು, ನಾವೂ ಹಾಗೇ ಎನ್ನುತ್ತಿದ್ದೆವು.

ಆ ಶಾಲೆಯಲ್ಲಿ ನನಗೆ ತುಂಬ ಪ್ರಿಯವಾದ ವಿಷಯ ಮಕ್ಕಳನ್ನು ಮಲಗಿಸುವ ಪೀರಿಯಡ್. ಊಟದ ಡಬ್ಬಿ ಮುಚ್ಚಿ ಚಾಪೆ ಹಾಸುತ್ತಿದ್ದೆವು. ಹೊರಗೆ ಮಂಜು ಮುಸುಕಿದ ಹಾಗಿರುವ ಮಧ್ಯಾಹ್ನ, ಒಳಗೆ ಸಣ್ಣ ಸಣ್ಣ ಉಸಿರು. ಬಸ್‌ಸ್ಟ್ಯಾಂಡಿನಿಂದ ಕಂಡಕ್ಟರುಗಳ ಕೂಗು ತೇಲಿ ಬರುತ್ತಿತ್ತು, ಶೃಂಗೇರಿ ಶೃಂಗೇರಿ ಶೃಂಗೇರಿ, ಎನ್ನಾರ್‌ಪುರ ಎನ್ನಾರ್‌ಪುರ ಎನ್ನಾರ್‌ಪುರ. ಲಾಲಿ ಹಾಡಿಗೂ ಅದಕ್ಕೂ ನನಗೇನೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮಕ್ಕಳಿಗಿಂತ ಮೊದಲು ನಾನೇ ತೂಕಡಿಸುತ್ತಿದ್ದೆ. ಜಲಜಕ್ಕ ಮಾತ್ರ ಎಚ್ಚರವಿದ್ದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತಿರುತ್ತಿದ್ದರು. "ಈ ಶಾಲೆಗೆ ಸೇರಿದ ಮೇಲೆ ಬೆಳಗಾಗದನ್ನೇ ಕಾಯ್ತೀನಿ ಮಾರಾಯ್ತಿ," ಎಂದು ಒಮ್ಮೆ ಹೇಳಿದ್ದರು.

ಅವರ ಕ್ಲಾಸಿನ ಮಕ್ಕಳಲ್ಲಿ ಒಬ್ಬ ಬಸ್ಸಿನ ಹುಚ್ಚಿನವನಿದ್ದ. ಗುಂಡು ಮುಖ, ಊಟ ಮಾಡುವಾಗಲೂ ಬಾಯಲ್ಲಿ ರೈಟ್ ರೈಟ್. ಗ್ರಹಚಾರ ನೋಡಿ, ಅವನ ಹೆಸರೂ ವಿನಾಯಕ. ಹಾಜರಿ ಕರೆಯುವಾಗ ಜಲಜಕ್ಕ ಆ ಹೆಸರಿಗೆ ಬಂದು ಒಂದು ಕ್ಷಣ ನಿಂತು, ಅವನ ಕಡೆ ನೋಡಿ, "ಸಮ್‌ಬಡಿ," ಎನ್ನುತ್ತಿದ್ದರು. ಅವನು ಎದ್ದು, "ಪ್ರೆಸೆಂಟ್ ಮಿಸ್," ಎನ್ನುತ್ತಿದ್ದ. ಸಮ್‌ಬಡಿ ಗೆಟ್ ಅಪ್, ಸಮ್‌ಬಡಿ ಸಿಟ್ ಡೌನ್, ಸಮ್‌ಬಡಿ ಈಟ್ ಇಟ್ ಅಪ್. ನಮ್ಮ ಮಾಸ್ತರು ಕಂಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ! ಮಳೆಗಾಲ ಮುಗಿಯುವಷ್ಟರಲ್ಲಿ ಇಡೀ ನರ್ಸರಿ ಅವನನ್ನು ಸಮ್‌ಬಡಿ ಎಂದೇ ಕರೆಯುತ್ತಿತ್ತು. ಮನೆಗೆ ಬಂದ ನೆಂಟರು, ನಿನ್ನ ಹೆಸರೇನು ಪುಟ್ಟ ಎಂದು ಕೇಳಿದಾಗ ಅವನು ಎದೆಯುಬ್ಬಿಸಿ, "ಸಮ್‌ಬಡಿ!" ಎಂದನಂತೆ.

ಮರುದಿನವೇ ಅವನ ಅಮ್ಮ ಶಾಲೆಗೆ ಬಂದರು. "ನನ್ನ ಮಾಣಿಗೆ ಚಂದದ ಹೆಸರಿದೆ. ಅದನ್ನ ಬಿಟ್ಟು ಎಂತೆಂತದೋ ಕರಿಯದು ಯಾಕೆ?" ಎಂದರು. ನಿಮ್ಮ ಮಗನ ಹೆಸರೇನು ಎಂದು ದೊಡ್ಡ ಮಿಸ್ ಕೇಳಿದರು. ಆ ತಾಯಿ ತಲೆ ತಗ್ಗಿಸಿ, "ಹಾಜರಿ ಪುಸ್ತಕದಲ್ಲಿ ಬರ್ದಿದ್ಯಲ್ಲ, ನೋಡಿ," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವರ ಮುಂದಿನ ಮಾತಿಗೆ ನಗು ಅಲ್ಲೇ ನಿಂತಿತು.

"ಅದು ನಮ್ಮ ಮಾವನ ಹೆಸರು. ಮಾವ ತೀರಿಕೊಂಡ ವರ್ಷವೇ ಇವ ಹುಟ್ಟಿದ್ದು. ಮನೇಲಿ ನಾನೂ ಆ ಹೆಸರು ಹೇಳಂಗಿಲ್ಲ, ನಮ್ಮತ್ತೆ ಕೇಳದೇ ಬೇಡ. ಎಲ್ಲ ಪುಟ್ಟ ಪುಟ್ಟ ಅನ್ನದೇ. ಶಾಲೇಲಾದ್ರೂ ಯಾರಾದ್ರೂ ಆ ಹೆಸರು ಕರೀಲಿ ಅಂತ ಆಸೆ ಇತ್ತು ಮಿಸ್."

ಅವರು ಹೋಗುವಾಗ ಮಗನ ಗಲ್ಲ ಹಿಡಿದು, ಆ ಇಂಗ್ಲಿಷ್ ಹೆಸರು ಕರೆದರೆ ಓಗೊಡಬಾರದು, ಪುಸ್ತಕದ ಹೆಸರು ಕರೆದರೆ ಮಾತ್ರ ಎಂದು ಕಟ್ಟಪ್ಪಣೆ ಮಾಡಿದರು. ದೊಡ್ಡ ಮಿಸ್ ಜಲಜಕ್ಕನಿಗೆ ಬೇರೆ ಅಪ್ಪಣೆ ಮಾಡಿದರು. ನನ್ನತ್ತ ಕೈ ತೋರಿಸಿ, ದಸರಾ ರಜೆಯ ತನಕ ಈ ಹುಡುಗಿ ನಿಮ್ಮ ಕ್ಲಾಸಿನ ಹಾಜರಿ ಕರೆಯಲಿ, ರಜೆ ಮುಗಿದ ಮೇಲೆ ನೀವೇ ಕರೆಯಬೇಕು, ಮಕ್ಕಳ ಹೆಸರು ಹಿಡಿದು ಕರೆಯಲಾಗದ ಟೀಚರನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಎಂದರು. ಅವರು ಹೇಳಿದ್ದರಲ್ಲೂ ತಪ್ಪಿರಲಿಲ್ಲ.

ಅಂದಿನಿಂದ ಹಾಜರಿ ಕರೆಯುವ ಭಾಗ್ಯ ನನ್ನದಾಯಿತು. ನಾನು ವಿನಾಯಕ ಎಂದಾಗ ಆ ಹುಡುಗ ಮೇಲೆದ್ದು ಪ್ರೆಸೆಂಟ್ ಮಿಸ್ ಎನ್ನುತ್ತಿದ್ದ, ಜಲಜಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಮ್ಮನ ಮಾತನ್ನು ಅಷ್ಟು ಚಾಚೂ ತಪ್ಪದೆ ಪಾಲಿಸುವ ಮಗುವನ್ನು ನಾನು ಇನ್ನೊಂದು ಕಂಡಿಲ್ಲ. ಜಲಜಕ್ಕ ಬಾಯಿತಪ್ಪಿ ಸಮ್‌ಬಡಿ ಎಂದರೆ ಕಂಬದ ಹಾಗೆ ಕೂತಿರುತ್ತಿದ್ದ. ಅವರು ಹೋಗಿ ಅವನ ಭುಜ ಮುಟ್ಟಿ ಎಬ್ಬಿಸಬೇಕಾಗುತ್ತಿತ್ತು.

ಮಕ್ಕಳು ಮಲಗಿದ್ದ ಒಂದು ಮಧ್ಯಾಹ್ನ ನಾನು ಮೆಲ್ಲಗೆ ಮಾತು ತೆಗೆದೆ. "ಒಂದ್ಸಲ ಹೇಳಿ ನೋಡಿ ಜಲಜಕ್ಕ. ಎಂತ ಆಗದಿಲ್ಲ."

"ನಿಂಗೊತ್ತಿಲ್ಲ ಮಾರಾಯ್ತಿ. ಮದುವೆ ಆದ ಹೊಸತ್ರಲ್ಲಿ ಒಂದ್ಸಲ ಸಿಟ್ಟು ಬಂದು ಬಾಯ್ತುಂಬ ಹೇಳಿದ್ದೆ. ಆ ತಿಂಗಳೇ ಅವರಿಗೆ ಕಾಮಾಲೆ. ಕಣ್ಣೆಲ್ಲ ಅರಿಶಿನ ಆಗಿ ಮಲಗಿದ್ರು. ಅತ್ತೆ ಒಂದು ಮಾತು ಅನ್ಲಿಲ್ಲ, ನನ್ನ ಮುಖ ನೋಡಿದ್ರು ಅಷ್ಟೆ."

"ಕಾಮಾಲೆ ನೀರಿಂದ ಬರದು ಜಲಜಕ್ಕ."

"ಅದು ನಂಗೂ ಗೊತ್ತು. ಗೊತ್ತಿದ್ದೂ ಬಾಯಿ ಬರದಿಲ್ಲ, ಎಂತ ಮಾಡದು?"

"ಹಂಗಾದ್ರೆ ಕೆಲಸ?"

ಅವರು ಮಗ್ಗುಲು ಬದಲಿಸಿದ ಮಗುವೊಂದರ ಮೇಲೆ ಹೊದಿಕೆ ಎಳೆದರು. ಆಮೇಲೆ, "ಇವರಿಗೆ ಏನಾದ್ರೂ ಆಗದಕ್ಕಿಂತ ಕೆಲಸ ಬಿಡದೇ ವಾಸಿ. ಆದ್ರೆ ಈ ಮಕ್ಕಳನ್ನ ಬಿಟ್ಟು ಮನೇಲಿ ಕೂತು ಎಂತ ಮಾಡ್ಲೆ?" ಎಂದರು. ಆಗ ಅವರ ಕಣ್ಣು ತುಂಬಿತ್ತು.

ದಸರಾ ರಜೆಗೆ ಕೆಲವೇ ದಿನ ಉಳಿದಿದ್ದವು. ಆ ದಿನ ಗ್ಯಾಸ್ ಸಿಲಿಂಡರು ತಂದವರು ವಾಪಸು ಹೋಗುವಾಗ ಗೇಟಿನ ಅಗಳಿ ಹಾಕಿರಲಿಲ್ಲ. ಜಲಜಕ್ಕ ಸಿಲಿಂಡರನ್ನು ಒಳಗೆ ಉರುಳಿಸಿಟ್ಟು ಬರುವಷ್ಟರಲ್ಲಿ ಒಂದು ಚಾಪೆ ಬರಿದಾಗಿತ್ತು. ನಾನು, ಹೇಳಬೇಕಾಗಿಲ್ಲ, ಗೋಡೆಗೊರಗಿ ಶೃಂಗೇರಿ ಶೃಂಗೇರಿ ಕೇಳುತ್ತ ಅರ್ಧ ದಾರಿ ಹೋಗಿದ್ದೆ. ಜಲಜಕ್ಕ ನನ್ನನ್ನು ಅಲುಗಿಸಿದ ರೀತಿಗೆ ದಡಬಡಿಸಿ ಎದ್ದೆ. ದೊಡ್ಡ ಮಿಸ್ ಉಳಿದ ಮಕ್ಕಳ ಹತ್ತಿರ ನಿಂತರು. ನಾನು ಓಣಿಯ ಮೇಲಿನ ಕಡೆಗೆ ಓಡಿದೆ, ಜಲಜಕ್ಕ ಬಸ್‌ಸ್ಟ್ಯಾಂಡಿನ ಕಡೆಗೆ.

ಮೇಲೆ ಎಲ್ಲೂ ಕಾಣದೆ ನಾನು ತಿರುಗಿ ಬರುವಾಗಲೇ ಅವರ ಕೂಗು ಕೇಳುತ್ತಿತ್ತು. "ಸಮ್‌ಬಡೀ! ಸಮ್‌ಬಡೀ!" ಜನ ತುಂಬಿದ ಬಸ್‌ಸ್ಟ್ಯಾಂಡಿನ ನಡುವೆ ನಿಂತು ಟೀಚರೊಬ್ಬರು ಹಾಗೆ ಕೂಗಿದರೆ ಏನಾಗಬೇಕೋ ಅದೇ ಆಗಿತ್ತು. ಒಬ್ಬ ಡ್ರೈವರು, ಹೂ ಮಾರುವವಳು, ಕೈಚೀಲ ಹಿಡಿದ ನಾಲ್ಕೈದು ಜನ ಅವರ ಸುತ್ತ ಸೇರಿದ್ದರು. "ಎಂತಾತು ಟೀಚರೇ? ನಾ ಬರ್ಲಾ?" ಎಂದು ಒಬ್ಬರಾದ ಮೇಲೆ ಒಬ್ಬರು ಕೇಳುತ್ತಿದ್ದರು. ಬರಬೇಕಾದವನೊಬ್ಬ ಮಾತ್ರ ಬರಲಿಲ್ಲ. ಸಾಲಾಗಿ ನಿಂತ ಬಸ್ಸುಗಳ ಇಂಜಿನ್ನುಗಳು ಗುರುಗುಡುತ್ತಿದ್ದವು. ಬಸರೀಕಟ್ಟೆ ಬಸ್ಸಿನ ಕಂಡಕ್ಟರು ರೈಟ್ ಎಂದರು, ಬಸ್ಸು ಮೆಲ್ಲಗೆ ಹೊರಳಿತು. ಚಕ್ಕುಲಿ ತಿಂದು ಬೆಳೆಸಿದ ನನ್ನ ದೇಹಕ್ಕೆ ಅಷ್ಟು ಓಟ ಹೆಚ್ಚಾಗಿ ಉಸಿರೇ ಸಿಗುತ್ತಿರಲಿಲ್ಲ. ಹೆಸರು ಕೂಗೋಣವೆಂದು ಬಾಯಿ ತೆರೆದೆ, ಬರೀ ಗಾಳಿ ಬಂತು.

ಜಲಜಕ್ಕ ಹೊರಟ ಬಸ್ಸನ್ನು ನೋಡಿದರು. ರಸ್ತೆಯ ಆಚೆಗಿದ್ದ ಗಂಡನ ಅಂಗಡಿಯನ್ನು ನೋಡಿದರು. ಕೊರಳಿನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನೆಲ್ಲ ಒಟ್ಟುಮಾಡಿದವರಂತೆ ಕೂಗಿದರು.

"ವಿನಾಯಕಾ!"

ಬಸರೀಕಟ್ಟೆ ಬಸ್ಸಿನ ಹಿಂದಿನ ಕಿಟಕಿಯಿಂದ ಒಂದು ಪುಟ್ಟ ಕೈ ಹೊರಬಂತು. "ಪ್ರೆಸೆಂಟ್ ಮಿಸ್!"

ಕಂಡಕ್ಟರು ವಿಸಿಲ್ ಊದಿ ಬಸ್ಸು ನಿಲ್ಲಿಸಿ ಅವನನ್ನು ಇಳಿಸಿಕೊಟ್ಟರು. ಜಲಜಕ್ಕ ಅವನನ್ನು ಅವುಚಿಕೊಂಡು, "ಅಷ್ಟೊತ್ತಿಂದ ಕೂಗ್ತಿದ್ದೀನಿ, ಓ ಅನ್ನಕ್ಕೆ ಎಂತ ಆಗಿತ್ತಾ ನಿಂಗೆ?" ಎಂದು ಅತ್ತರು. "ಅಮ್ಮ ಬೈತಾಳೆ," ಎಂದ ಅವನು, ಬಸ್ಸು ತನ್ನನ್ನು ಬಿಟ್ಟು ಹೋದದ್ದನ್ನೇ ದುಃಖದಿಂದ ನೋಡುತ್ತ. ಶಾಲೆಯ ಗೇಟಿನಲ್ಲಿ ದೊಡ್ಡ ಮಿಸ್ ನಿಂತಿದ್ದರು. ಅವರಿಗೂ ಆ ಕೂಗು ಕೇಳಿಸಿತ್ತು. ಕಣ್ಣೊರೆಸಿಕೊಂಡು ಒಳಗೆ ಹೋದರು.

ಆಗ ನಾನು ರಸ್ತೆಯ ಆಚೆ ನೋಡಿದೆ. ಅಂಗಡಿಯ ಯಜಮಾನರು ಕೈಯಲ್ಲಿ ಗ್ರೀಸು ಮೆತ್ತಿದ ಬಟ್ಟೆ ಹಿಡಿದು, ಬರಿಗಾಲಲ್ಲಿ, ಅತ್ತಿತ್ತ ನೋಡದೆ ರಸ್ತೆಗೆ ಇಳಿದುಬಿಟ್ಟಿದ್ದರು. ಜೀಪೊಂದು ಹಾರನ್ ಹೊಡೆಯುತ್ತ ಅವರ ಪಕ್ಕದಲ್ಲೇ ಸರಿದು ಹೋಯಿತು. "ಅಯ್ಯೋ, ನಿಲ್ಲಿ! ಅಲ್ಲೇ ನಿಲ್ಲಿ!" ಎಂದು ಜಲಜಕ್ಕ ಚೀರಿದರು. ಯಜಮಾನರು ನಿಲ್ಲಲಿಲ್ಲ, ನೇರ ಬಂದು ಹೆಂಡತಿಯ ಎದುರು ನಿಂತರು.

"ನಿಮ್ಮನ್ನಲ್ಲ," ಎಂದರು ಜಲಜಕ್ಕ, ನೆಲ ನೋಡುತ್ತ. "ಈ ಮಾಣಿನ ಕರೆದಿದ್ದು."

"ಗೊತ್ತು," ಎಂದರು ಅವರು. "ಆದ್ರೂ ಬಂದೆ."

ಅಂಗಡಿ ತೆರೆದೇ ಇತ್ತು, ಯಾರೋ ಗಿರಾಕಿ ಕಾಯುತ್ತಿದ್ದರು. ಅವರು ಹೊರಡಲು ತಿರುಗಿದಾಗ ಜಲಜಕ್ಕ ಒಬ್ಬರನ್ನೇ ಹೋಗಲು ಬಿಡಲಿಲ್ಲ. "ಕೈ ಹಿಡ್ಕೊಳ್ಳಿ," ಎಂದರು, ಮಕ್ಕಳಿಗೆ ಹೇಳುವ ಅದೇ ದನಿಯಲ್ಲಿ. "ಆ ಕಡೆ ನೋಡಿ. ಈ ಕಡೆ ನೋಡಿ. ಈಗ ಬನ್ನಿ." ಕೊಪ್ಪದ ಅಷ್ಟೂ ಜನ ನೋಡುತ್ತಿರುವಂತೆ, ಒಂದು ಕೈಯಲ್ಲಿ ಆ ಹುಡುಗನನ್ನೂ ಇನ್ನೊಂದು ಕೈಯಲ್ಲಿ ಗಂಡನನ್ನೂ ಬಿಗಿಯಾಗಿ ಹಿಡಿದುಕೊಂಡು ಜಲಜಕ್ಕ ರಸ್ತೆ ದಾಟಿಸಿದರು.